ಉಸಿರಿನ ಜಮಾ-ಖರ್ಚು

ಪುಸ್ತಕ ಮುಗಿಸಿದ ದಿನ ಅಕ್ಕ ಫೋನಿನಲ್ಲಿ ಕೇಳಿದಳು, "ಅದರಲ್ಲಿರೋ ಫಿಸಿಕ್ಸ್ ಎಲ್ಲ ಅರ್ಥ ಆಯ್ತೇನೋ?"

"ಹೂಂ, ಆಯ್ತು" ಅಂದೆ. ಶುದ್ಧ ಸುಳ್ಳು.

ನಾನೂರು ಚಿಲ್ಲರೆ ಪುಟಗಳ ಕಾದಂಬರಿ ಅದು. ಮಂಗಳ ಗ್ರಹದಿಂದ ವಾಪಸ್ ಹೊರಟ ಒಂದು ನೌಕೆ, ಒಳಗೆ ಐದು ಜನ, ದಾರಿಯಲ್ಲಿ ಒಂದು ಸೋರಿಕೆ. ಕತೆ ಇಷ್ಟೇ. ಉಳಿದದ್ದೆಲ್ಲ ಲೆಕ್ಕ. ಕಕ್ಷೆಯ ಲೆಕ್ಕ, ಇಂಧನದ ಲೆಕ್ಕ, ಉಸಿರಾಟದ ಲೆಕ್ಕ. (ಹೆಸರು ಬೇಕಂತಲೇ ಹೇಳುತ್ತಿಲ್ಲ. ನಾನಿಲ್ಲಿ ವಿಮರ್ಶೆ ಬರೆಯಲು ಕೂತಿಲ್ಲ. ಜೊತೆಗೆ ಆ ಲೇಖಕರ ಮೇಲೆ ಒಂದು ಸಣ್ಣ ಗುಮಾನಿಯೂ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.) ಅದರಲ್ಲಿ ಕಡಿಮೆ ಅಂದರೂ ನೂರು ಪುಟ ನನಗೆ ಅರ್ಥವಾಗಿರಲಿಲ್ಲ. ಆದರೂ ರಾತ್ರಿ ಎರಡು ಗಂಟೆಯವರೆಗೆ ಕೂತು ಓದಿದ್ದೆ. ಬೇಜಾರಾಗಲಿಲ್ಲ. ಪುಟ ಹಾರಿಸಲೂ ಇಲ್ಲ. ಗೊತ್ತಿಲ್ಲದ ಭಾಷೆಯ ಹಾಡಿಗೆ ತಲೆದೂಗಬಹುದು, ಅಲ್ಲಿ ರಾಗವಾದರೂ ಇರುತ್ತದೆ. ಗೊತ್ತಿಲ್ಲದ ಸಮೀಕರಣಕ್ಕೆ ತಲೆದೂಗುವವನನ್ನು ಏನನ್ನಬೇಕು? ನನಗೆ ನಿಜವಾಗಿ ಖುಷಿಯಾಯಿತಾ, ಇಲ್ಲ, ಇಂಥ ಪುಸ್ತಕ ಓದುತ್ತಿದ್ದೇನೆ ಅನ್ನುವ ಜಂಬಕ್ಕೆ ಖುಷಿಯಾಯಿತಾ? ಸುಮಾರು ದಿನ ಇದೇ ತಲೆಯಲ್ಲಿ ಕೊರೆಯುತ್ತಿತ್ತು.

ಅಕ್ಕ ಫಿಸಿಕ್ಸ್ ಪಾಠ ಮಾಡುತ್ತಾಳೆ. ನಾನು ಆಡಿಟ್ ಕೆಲಸದವನು. ಬೇರೆಯವರು ಬರೆದಿಟ್ಟ ಲೆಕ್ಕದಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ವಿಜ್ಞಾನಕ್ಕೂ ನನಗೂ ಹತ್ತನೇ ತರಗತಿಯಲ್ಲೇ ಋಣ ಹರಿದಿದೆ. ಈ ಪುಸ್ತಕವನ್ನು ನನ್ನ ಕೈಗೆ ಕೊಟ್ಟವಳೂ ಅಕ್ಕನೇ. "ನಿಂಗೆ ಇದು ಹಿಡಿಸಲ್ಲ, ಆದ್ರೂ ನೋಡು" ಅಂತ ಹೇಳಿ ಕೊಟ್ಟಿದ್ದಳು. ಹಾಗೆ ಹೇಳಿ ಕೊಟ್ಟ ಪುಸ್ತಕವನ್ನು ಯಾವ ತಮ್ಮ ತಾನೇ ಅರ್ಧಕ್ಕೆ ಬಿಡುತ್ತಾನೆ?

ಶಿಲ್ಕು ಎಷ್ಟು?

ಸುಮಾರು ಅರವತ್ತನೇ ಪುಟದವರೆಗೆ ನಾನು ಒಳ್ಳೆಯ ವಿದ್ಯಾರ್ಥಿಯ ಹಾಗೆ ಓದಿದೆ. ಗೊತ್ತಾಗದ ಪದ ಬಂದರೆ ನಿಲ್ಲಿಸಿ ಹುಡುಕುವುದು, ಹಿಂದಿನ ಪುಟಕ್ಕೆ ಹೋಗಿ ಬರುವುದು. ಪರೀಕ್ಷೆಗೆ ಓದಿದ ಹಾಗೆ ಇತ್ತು, ಕತೆ ಓದಿದ ಹಾಗೆ ಇರಲಿಲ್ಲ. ಆಮೇಲೆ ಸೋರಿಕೆ ಆಗುತ್ತದೆ. ನೌಕೆಯ ಎಂಜಿನಿಯರ್ ಒಂದು ಹಾಳೆ ತೆಗೆದು ಗೆರೆ ಎಳೆಯುತ್ತಾಳೆ. ಎಡಗಡೆ ಇರುವುದು ಎಷ್ಟು, ಬಲಗಡೆ ದಿನಕ್ಕೆ ಹೋಗುವುದು ಎಷ್ಟು, ಕೆಳಗೆ ಉಳಿಯುವುದು ಎಷ್ಟು. ಅದನ್ನು ನೋಡಿದ ಕೂಡಲೇ ನನ್ನ ಬೆನ್ನು ನೆಟ್ಟಗಾಯಿತು. ಇದು ನನಗೆ ಗೊತ್ತಿರುವ ಪುಟ! ಆರಂಭ ಶಿಲ್ಕು, ಜಮಾ, ಖರ್ಚು, ಅಂತ್ಯ ಶಿಲ್ಕು. ಇಪ್ಪತ್ತು ವರ್ಷದಿಂದ ದಿನಾ ನೋಡುತ್ತಿರುವ ಪುಟ. ರೂಪಾಯಿ ಇರಬೇಕಾದ ಕಡೆ ಆಮ್ಲಜನಕ ಇದೆ, ಅಷ್ಟೇ ವ್ಯತ್ಯಾಸ.

ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕ ಬೇಕಂತೆ. ಅವನು ಹೊರಗೆ ಬಿಡುವ ಕಾರ್ಬನ್ ಡೈಆಕ್ಸೈಡ್ ಸುಮಾರು ಒಂದು ಕೆಜಿ. ಇದುವರೆಗೆ ನಾನು ಉಸಿರಾಟವನ್ನು ತೂಕದಲ್ಲಿ ಯೋಚಿಸಿದವನೇ ಅಲ್ಲ. ಒಮ್ಮೆ ಯೋಚಿಸಿದ ಮೇಲೆ ಕತೆಯಲ್ಲಿರುವ ಐದು ಜನರ ಪ್ರತಿ ನಿಟ್ಟುಸಿರೂ ಒಂದು ಖರ್ಚಿನ ಚೀಟಿಯ ಹಾಗೆ ಕಾಣತೊಡಗಿತು. ಇಬ್ಬರು ಜಗಳವಾಡುವ ಒಂದು ಅಧ್ಯಾಯವಿದೆ. ಮಾತು ಏರಿದ ಹಾಗೆ ನನಗೆ ಅವರ ಮನಸ್ತಾಪಕ್ಕಿಂತ ಅವರು ಸುಡುತ್ತಿರುವ ಗಾಳಿಯ ಚಿಂತೆಯೇ ಜಾಸ್ತಿ ಆಯಿತು.

ವ್ಯವಹಾರದಲ್ಲಿ ಲೆಕ್ಕ ಕೊರೆಬಿದ್ದರೆ ನೂರು ದಾರಿ ಇದೆ. ಕೈಗಡ ತರಬಹುದು, ಕೊಡಬೇಕಾದ್ದನ್ನು ಮುಂದಿನ ತಿಂಗಳಿಗೆ ತಳ್ಳಬಹುದು, ಸಾಲ ಕೊಟ್ಟವರ ಕಣ್ಣು ತಪ್ಪಿಸಿ ಓಡಾಡಬಹುದು. ನೌಕೆಯಲ್ಲಿ ಕೈಗಡ ಸಿಗುವುದಿಲ್ಲ. ಇನ್ನು ಇಂಧನದ ಕತೆಯಂತೂ ಚಕ್ರಬಡ್ಡಿಯದ್ದು. ಮೇಲಕ್ಕೆ ಒಂದು ಕೆಜಿ ಜಾಸ್ತಿ ಒಯ್ಯಬೇಕಾದರೆ ಇಂಧನ ಬೇಕು, ಆ ಇಂಧನವನ್ನು ಹೊರಲು ಇನ್ನಷ್ಟು ಇಂಧನ ಬೇಕು, ಅದನ್ನು ಹೊರಲು ಮತ್ತಷ್ಟು. ಈ ಸೂತ್ರವನ್ನು 1903ರಲ್ಲಿ ಪ್ರಕಟಿಸಿದವರು ರಷ್ಯಾದ ಒಬ್ಬ ಶಾಲಾ ಮೇಷ್ಟ್ರು, ಕಾನ್‌ಸ್ಟಾಂಟಿನ್ ತ್ಸಿಯೊಲ್ಕೋವ್‌ಸ್ಕಿ. ಸೂತ್ರ ನನಗೆ ಈಗಲೂ ಬರುವುದಿಲ್ಲ. ಆದರೆ ಚಂದ್ರನಿಗೆ ಹೋದ ಸ್ಯಾಟರ್ನ್ 5 ರಾಕೆಟ್ ನೆಲ ಬಿಡುವಾಗ ಸುಮಾರು 2,900 ಟನ್ ಇತ್ತು, ಕೊನೆಗೆ ಸಮುದ್ರಕ್ಕೆ ಬಂದು ಬಿದ್ದ ಭಾಗ ಸುಮಾರು 5 ಟನ್ ಅಂತ ಓದಿದಾಗ ಆ ಬಡ್ಡಿಯ ದರ ನನಗೆ ಚೆನ್ನಾಗಿಯೇ ಅರ್ಥವಾಯಿತು.

ಇಂಥ ಲೆಕ್ಕ ಬರೀ ಕತೆಯಲ್ಲಿ ಇರುತ್ತದೆ ಅಂದುಕೊಂಡಿದ್ದೆ. ಚಂದ್ರನಿಗೆ ಹೊರಟಿದ್ದ ಅಪೊಲೊ 13 ನೌಕೆಯ ವಿವರ ಓದಿದ ಮೇಲೆ ಹಾಗೆ ಅನ್ನಿಸಲಿಲ್ಲ. 1970ರ ಏಪ್ರಿಲ್‌ನಲ್ಲಿ, ಭೂಮಿಯಿಂದ ಮೂರು ಲಕ್ಷ ಕಿಲೋಮೀಟರ್‌ಗೂ ಆಚೆ, ಆ ನೌಕೆಯ ಆಮ್ಲಜನಕದ ಟ್ಯಾಂಕ್ ಸಿಡಿಯಿತು. ಒಳಗಿದ್ದವರು ಲವೆಲ್, ಸ್ವಿಗರ್ಟ್, ಹೇಯ್ಸ್. ಮೂವರೂ ಚಂದ್ರನ ಮೇಲೆ ಇಳಿಯಲು ಇಟ್ಟುಕೊಂಡಿದ್ದ ಪುಟ್ಟ ನೌಕೆಗೆ ಸೇರಿಕೊಂಡರು. ಅದನ್ನು ಕಟ್ಟಿದ್ದು ಇಬ್ಬರಿಗೆ, ಸುಮಾರು ಎರಡು ದಿನಕ್ಕೆ. ಅದರಲ್ಲಿ ಮೂವರು ನಾಲ್ಕು ದಿನದ ಹತ್ತಿರ ಕಳೆಯಬೇಕಿತ್ತು. ಆಮ್ಲಜನಕ ಖಾಲಿಯಾಗುತ್ತದೆ ಅಂತ ತಾನೇ ನಾವು ಅಂದುಕೊಳ್ಳುವುದು? ಅದು ಸಾಕಷ್ಟಿತ್ತು! ಕೊರೆ ಇದ್ದದ್ದು ವಿದ್ಯುತ್ತಿಗೆ, ನೀರಿಗೆ. ಅದಕ್ಕಿಂತ ಮೊದಲು ಕುತ್ತಿಗೆಗೆ ಬಂದದ್ದು ಹೊರಬಿಟ್ಟ ಉಸಿರು. ಕಾರ್ಬನ್ ಡೈಆಕ್ಸೈಡ್ ಹೀರುವ ಡಬ್ಬಗಳು ಒಂದು ನೌಕೆಯಲ್ಲಿ ಚೌಕ, ಇನ್ನೊಂದರಲ್ಲಿ ದುಂಡು. ಚೌಕದ ಡಬ್ಬ ದುಂಡು ತೂತಿಗೆ ಕೂರಬೇಕು. ಪ್ಲಾಸ್ಟಿಕ್ ಚೀಲ, ಪುಸ್ತಕದ ರಟ್ಟು, ಬಾಹ್ಯಾಕಾಶ ಉಡುಪಿನ ಕೊಳವೆ, ಟೇಪು, ಇಷ್ಟನ್ನು ಸೇರಿಸಿ ಕೂರಿಸಿದರು. ಆಡಿಟ್‌ನಲ್ಲೂ ಹೀಗೇ. ಎಲ್ಲರೂ ಕಣ್ಣಿಟ್ಟು ಕೂತ ಕಾಲಂ ಸರಿಯಾಗಿರುತ್ತದೆ. ಸಂಸ್ಥೆ ಮುಳುಗುವುದು ಯಾರೂ ನೋಡದ ಪಕ್ಕದ ಕಾಲಂನಲ್ಲಿ.

ಅಲ್ಲಿಂದ ಮುಂದೆ ನಾನು ವಿದ್ಯಾರ್ಥಿಯ ಹಾಗೆ ಓದುವುದನ್ನು ಬಿಟ್ಟೆ.

ಮೂವತ್ತೆಂಟು ನಿಮಿಷ

ಕಾದಂಬರಿಯ ನಡುವೆ ಒಂದು ಸಾಲು ಬರುತ್ತದೆ. ನೌಕೆ ಭೂಮಿಯಿಂದ 34 ಕೋಟಿ 20 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಕ್ಯಾಪ್ಟನ್ ಒಂದು ಪ್ರಶ್ನೆ ಕಳಿಸುತ್ತಾಳೆ. ಮೂವತ್ತೆಂಟು ನಿಮಿಷದ ನಂತರ ಉತ್ತರ ಬರುತ್ತದೆ. ನಾನು ಆ ಸಾಲನ್ನು ಒಂದು ಸೆಕೆಂಡಿನಲ್ಲಿ ದಾಟಿದ್ದೆ. ಎರಡು ಪುಟ ಮುಂದೆ ಹೋದ ಮೇಲೆ ಕೈ ಸುಮ್ನಿರಲಿಲ್ಲ. ವೃತ್ತಿಯ ಚಟ. ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಪೆನ್ಸಿಲ್‌ನಿಂದ ಭಾಗಿಸಿದೆ. ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಹೋಗುತ್ತದೆ ಅನ್ನುವುದು ಹತ್ತನೇ ತರಗತಿಯಿಂದ ನನ್ನ ಹತ್ತಿರ ಉಳಿದಿರುವ ಕೆಲವೇ ಸಂಗತಿಗಳಲ್ಲಿ ಒಂದು. ರೇಡಿಯೊ ಸಂದೇಶದ ವೇಗವೂ ಅದೇ. 3,420 ಲಕ್ಷವನ್ನು 3 ಲಕ್ಷದಿಂದ ಭಾಗಿಸಿದರೆ 1,140 ಸೆಕೆಂಡು. ಅಂದರೆ 19 ನಿಮಿಷ. ಹೋಗಿ ಬರಲು 38. ತಾಳೆಯಾಯಿತು.

ಆ ಖುಷಿಯನ್ನು ಹೇಗೆ ಹೇಳುವುದೋ ಗೊತ್ತಾಗುತ್ತಿಲ್ಲ. ನಾನು ಯಾವುದನ್ನೂ ಕಂಡುಹಿಡಿದಿರಲಿಲ್ಲ. ಐದನೇ ತರಗತಿಯ ಭಾಗಾಕಾರ ಅದು. ಆದರೂ ಎದ್ದು ಎರಡು ಸುತ್ತು ಓಡಾಡಿದೆ. ಆಮೇಲೆ ಒಂದು ಹುಚ್ಚು ಕೆಲಸ ಮಾಡಿದೆ. ಫೋನಿನಲ್ಲಿ 38 ನಿಮಿಷಕ್ಕೆ ಟೈಮರ್ ಇಟ್ಟು, ಕ್ಯಾಪ್ಟನ್ ಕೇಳಿದ ಪ್ರಶ್ನೆಯನ್ನು ಮನಸ್ಸಿನಲ್ಲೇ ಕಳಿಸಿ, ಸುಮ್ಮನೆ ಕೂತೆ.

ಏಳನೇ ನಿಮಿಷಕ್ಕೆ ಕೈ ತಾನಾಗಿ ಫೋನಿನ ಕಡೆ ಹೋಯಿತು. ಪ್ರಶ್ನೆ ಇನ್ನೂ ಅರ್ಧ ದಾರಿಯನ್ನೂ ಸವೆಸಿಲ್ಲ. ಹನ್ನೆರಡಕ್ಕೆ, ಹದಿನೈದಕ್ಕೆ ಗಡಿಯಾರ ನೋಡಿದೆ. ಹತ್ತೊಂಬತ್ತನೇ ನಿಮಿಷಕ್ಕೆ, ಆಚೆ ಕಡೆ ಕೂತ ಯಾರೋ ಈಗಷ್ಟೇ ತಲೆ ಎತ್ತಿರುತ್ತಾರೆ ಅನ್ನಿಸಿತು. ಅಲ್ಲಿಯವರೆಗೆ ಅವರಿಗೆ ಇಲ್ಲಿ ಏನೂ ಆಗಿಯೇ ಇಲ್ಲ. ನಾವು ಹತ್ತೊಂಬತ್ತು ನಿಮಿಷದ ಹಿಂದೆ ಹೇಗಿದ್ದೆವೋ ಹಾಗೇ ಇದ್ದೇವೆ ಅವರ ಪಾಲಿಗೆ, ಎಲ್ಲ ಕ್ಷೇಮ. ಇಪ್ಪತ್ತೈದನೇ ನಿಮಿಷದ ಹೊತ್ತಿಗೆ ಇನ್ನೊಂದು ಯೋಚನೆ ಬಂತು. ನಾನು ಪ್ರಶ್ನೆಯನ್ನೇ ತಪ್ಪಾಗಿ ಕೇಳಿದ್ದರೆ? ತಕ್ಷಣ ತಿದ್ದಿ ಇನ್ನೊಂದು ಸಂದೇಶ ಕಳಿಸಿದರೂ ಮೊದಲ ಪ್ರಶ್ನೆಯ ಉತ್ತರ ಅಷ್ಟರಲ್ಲಿ ಹೊರಟುಬಿಟ್ಟಿರುತ್ತದೆ. ತಪ್ಪು ಪ್ರಶ್ನೆಗೆ ಸರಿಯಾದ ಉತ್ತರ ದಾರಿಯಲ್ಲಿ, ಅದರ ಎದುರಿಗೆ ನನ್ನ ತಿದ್ದುಪಡಿ ದಾರಿಯಲ್ಲಿ, ಎರಡೂ ಒಂದನ್ನೊಂದು ದಾಟಿ ಹೋಗುತ್ತಿರುತ್ತವೆ. ಕಾದಂಬರಿಯ ಕ್ಯಾಪ್ಟನ್ ಯಾಕೆ ಪ್ರತಿ ಸಂದೇಶವನ್ನೂ ಮೂರು ಸಲ ಬರೆದು ಅಳಿಸುತ್ತಾಳೆ ಅನ್ನುವುದು ನನಗೆ ಆಗ ತಿಳಿಯಿತು. ಮೊದಲ ಓದಿನಲ್ಲಿ ಅದು ಅವಳ ಅಳುಕಿನ ಸ್ವಭಾವ ಅಂದುಕೊಂಡಿದ್ದೆ.

ಮಂಗಳ ಹತ್ತಿರ ಬಂದಾಗ ಈ ದೂರ ಐದೂವರೆ ಕೋಟಿ ಕಿಲೋಮೀಟರ್‌ಗೆ ಇಳಿಯುತ್ತದೆ, ಆಗ ಒಂದು ಕಡೆಗೆ ಮೂರೇ ನಿಮಿಷ. ಸೂರ್ಯನ ಆಚೆ ಬದಿಗೆ ಹೋದಾಗ 40 ಕೋಟಿ ಮುಟ್ಟುತ್ತದೆ, 22 ನಿಮಿಷ. 1977ರಲ್ಲಿ ಹೊರಟ ವಾಯೇಜರ್ 1 ನೌಕೆಯಿಂದ ಈಗ ಒಂದು ಸಂದೇಶ ಬರಲು 23 ಗಂಟೆಗೂ ಜಾಸ್ತಿ ಬೇಕು. ಅದಕ್ಕೂ ಟೈಮರ್ ಇಡುವಷ್ಟು ಹುಚ್ಚು ನನಗಿನ್ನೂ ಹಿಡಿದಿಲ್ಲ.

ಟೆಸ್ಟ್ ಚೆಕ್

ನಮ್ಮ ಕೆಲಸದಲ್ಲಿ ಟೆಸ್ಟ್ ಚೆಕ್ ಅಂತ ಒಂದಿದೆ. ಸಾವಿರಾರು ವೋಚರ್‌ಗಳನ್ನು ಒಂದೊಂದಾಗಿ ನೋಡಲು ಯಾರಿಂದಲೂ ಆಗುವುದಿಲ್ಲ. ಅಲ್ಲಲ್ಲಿ ಕೆಲವನ್ನು ಎತ್ತಿ ಬುಡದಿಂದ ತುದಿಯವರೆಗೆ ನೋಡುತ್ತೇವೆ. ಅವು ತಾಳೆಯಾದರೆ ಉಳಿದವುಗಳ ಮೇಲೆ ಒಂದು ಮಟ್ಟದ ನಂಬಿಕೆ ಇಡುತ್ತೇವೆ. ಪೂರ್ತಿ ನಂಬಿಕೆ ಅಲ್ಲ, ಕೆಲಸ ಮುಂದುವರಿಸಲು ಬೇಕಾದಷ್ಟು. ನಾನು ಆ ನೂರು ಪುಟಗಳನ್ನು ಓದಿದ್ದು ಹೀಗೆಯೇ ಅಂತ ಈಗ ಅನ್ನಿಸುತ್ತದೆ. ನನ್ನ ಕೈಗೆಟುಕುವ ಒಂದು ಲೆಕ್ಕ ಹಾಕಿ ನೋಡಿದೆ, ಸರಿ ಬಂತು. ಹಾಗಾಗಿ ಕೈಗೆಟುಕದ ಲೆಕ್ಕಗಳನ್ನೂ ಒಪ್ಪಿಕೊಂಡು ಮುಂದೆ ಹೋದೆ.

ಒಂದು ಕಡೆ ಮಾತ್ರ ಒಪ್ಪಲು ಆಗಲಿಲ್ಲ. ನೌಕೆ ಭೂಮಿಯ ಕಕ್ಷೆಗೆ ಬಂದಿದೆ. ಅದೇ ಕಕ್ಷೆಯಲ್ಲಿ ಸ್ವಲ್ಪ ಮುಂದೆ ಇನ್ನೊಂದು ನೌಕೆ ಇದೆ, ಅದನ್ನು ಹಿಡಿಯಬೇಕು. ಕ್ಯಾಪ್ಟನ್ ವೇಗ ಕಡಿಮೆ ಮಾಡಲು ಹೇಳುತ್ತಾಳೆ. ಮುಂದಿರುವವನನ್ನು ಹಿಡಿಯಲು ನಿಧಾನ ಮಾಡುವುದೇ? ಅಚ್ಚಿನ ತಪ್ಪಿರಬೇಕು ಅಂದುಕೊಂಡೆ. ಮೂರು ಸಲ ಓದಿದೆ. ಕೊನೆಗೆ ಮಾನ ಬಿಟ್ಟು ಅಕ್ಕನಿಗೆ ಫೋನ್ ಮಾಡಿದೆ. ಫಿಸಿಕ್ಸ್ ಎಲ್ಲ ಅರ್ಥ ಆಯ್ತು ಅಂದಿದ್ದ ಸುಳ್ಳು ಅಲ್ಲಿಗೆ ಬಯಲಾಯಿತು. ಅವಳು ನಗಲಿಲ್ಲ, ಅದೊಂದು ಪುಣ್ಯ.

"ನಿಧಾನ ಮಾಡಿದ್ರೆ ಕೆಳಗೆ ಇಳೀತೀಯ ಕಣೋ. ಕೆಳಗಿನ ಸುತ್ತು ಚಿಕ್ಕದು. ಅಲ್ಲಿ ಓಟವೂ ಜೋರು. ಹಾಗಾಗಿ ಮುಂದೆ ಹೋಗ್ತೀಯ. ಆಮೇಲೆ ಮೇಲಕ್ಕೆ ಹತ್ತಿ ಹಿಡಿ" ಅಂದಳು. 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಲು ಒಂದೂವರೆ ಗಂಟೆ ಸಾಕು, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಒಂದಿಡೀ ದಿನ ಬೇಕು ಅಂತಲೂ ಸೇರಿಸಿದಳು. ನನಗೆ ಸಮಾಧಾನ ಕೊಟ್ಟದ್ದು ಅವಳು ಹೇಳಿದ ಇನ್ನೊಂದು ಸಂಗತಿ. 1965ರ ಜೂನ್‌ನಲ್ಲಿ ಜೆಮಿನಿ 4 ನೌಕೆಯ ಜೇಮ್ಸ್ ಮೆಕ್‌ಡಿವಿಟ್ ತಮ್ಮದೇ ರಾಕೆಟ್ಟಿನ ಖಾಲಿ ಹಂತವೊಂದರ ಹತ್ತಿರ ಹೋಗಲು ನೋಡಿದರು. ಅದರ ಕಡೆ ಮೂತಿ ತಿರುಗಿಸಿ ಎಂಜಿನ್ ಉರಿಸಿದರು, ನಾವೆಲ್ಲ ಮಾಡುವ ಹಾಗೆ. ಅದು ದೂರ ದೂರ ಹೋಯಿತು. ಇಂಧನ ಕರಗುತ್ತಾ ಬಂದ ಮೇಲೆ ಕೈಬಿಟ್ಟರು. ಅದೇ ವರ್ಷ ಡಿಸೆಂಬರ್‌ನಲ್ಲಿ ಜೆಮಿನಿ 6 ಮತ್ತು 7 ಸುಮಾರು 30 ಸೆಂಟಿಮೀಟರ್ ಹತ್ತಿರ ಬಂದವು. ಆ ಆರು ತಿಂಗಳಲ್ಲಿ ಅವರೆಲ್ಲ ಕಲಿತದ್ದನ್ನು ನಾನು ಮೂರನೇ ಓದಿನಲ್ಲಿ ಕಲಿಯಲಿಲ್ಲ ಅಂತ ಬೇಸರ ಪಡಬೇಕಾಗಿಲ್ಲ, ಅಲ್ವಾ?

ಆದರೆ ಟೆಸ್ಟ್ ಚೆಕ್‌ಗೆ ಒಂದು ಮಿತಿ ಇದೆ, ಅದನ್ನು ನಾನೇ ಹೇಳಬೇಕು. ಅಚ್ಚುಕಟ್ಟಾಗಿ ತಾಳೆಯಾಗುವ ಪುಸ್ತಕ ಕಂಡರೆ ನಮಗೆ ಮೊದಲು ಅನುಮಾನ ಬರುತ್ತದೆ. ಕಾದಂಬರಿಕಾರ ಬಲು ಜಾಣ. "ಸಾಕಷ್ಟು ದೂರ" ಅನ್ನುವ ಬದಲು "34 ಕೋಟಿ 20 ಲಕ್ಷ" ಅಂದರೆ ನನ್ನಂಥವನು ಅರ್ಧ ಸೋಲುತ್ತಾನೆ. ದಶಾಂಶ ಬಿಂದುವಿನ ಮುಂದೆ ಎರಡು ಅಂಕಿ ಇಟ್ಟರೆ ಪೂರ್ತಿ ಸೋಲುತ್ತಾನೆ. ಅಂಕಿ ಇದ್ದ ಮಾತ್ರಕ್ಕೆ ಸತ್ಯ ಇರುವುದಿಲ್ಲ ಅನ್ನುವುದಕ್ಕೆ ಕತೆಯೇ ಬೇಕಾಗಿಲ್ಲ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳವನ್ನು ತಲುಪಿ ಅಲ್ಲೇ ಕಾಣೆಯಾಯಿತು. ಒಂದು ತಂಡದ ಸಾಫ್ಟ್‌ವೇರ್ ಪೌಂಡಿನ ಅಳತೆಯಲ್ಲಿ ಅಂಕಿ ಕೊಟ್ಟಿತ್ತು, ಇನ್ನೊಂದು ಅದನ್ನು ನ್ಯೂಟನ್ (ಬಲದ ಮೆಟ್ರಿಕ್ ಅಳತೆ) ಅಂತ ಓದಿಕೊಂಡಿತ್ತು. ಒಂದಕ್ಕೆ ನಾಲ್ಕೂವರೆಯಷ್ಟು ವ್ಯತ್ಯಾಸ. ನೆಲದಿಂದ 200 ಕಿಲೋಮೀಟರ್‌ಗೂ ಮೇಲೆ ಹೋಗಬೇಕಾದದ್ದು 57ರ ಆಸುಪಾಸಿಗೆ ಇಳಿದುಬಿಟ್ಟಿತು. "ರೂಪಾಯಿ ಲಕ್ಷಗಳಲ್ಲಿ" ಅಂತ ಮೇಲೆ ಬರೆದದ್ದನ್ನು ನೋಡದೆ ಕೆಳಗೆ ಸಾವಿರಗಳಲ್ಲಿ ತುಂಬಿದವರನ್ನು ನಾನು ಎಷ್ಟು ಜನರನ್ನು ನೋಡಿಲ್ಲ!

ಅಕ್ಕನ ಬಿರುಗಾಳಿ

ಇಂಥ ಪುಸ್ತಕವನ್ನು ಗೊತ್ತಿರುವವರು ಓದಿದರೆ ಇನ್ನೂ ಜಾಸ್ತಿ ಖುಷಿ ಸಿಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಅಕ್ಕನ ಜೊತೆ ಒಂದು ಸಂಜೆ ಮಾತಾಡಿದ ಮೇಲೆ ಅದು ಅಷ್ಟು ಸಲೀಸಲ್ಲ ಅನ್ನಿಸಿತು. ಅವಳು ಆಂಡಿ ವಿಯರ್ ಅವರ 'ದಿ ಮಾರ್ಷಿಯನ್' ಕಾದಂಬರಿ ಶುರು ಮಾಡಿದವಳು ಮೊದಲ ಅಧ್ಯಾಯಕ್ಕೇ ಸಿಟ್ಟಾಗಿ ಬದಿಗಿಟ್ಟಿದ್ದಳಂತೆ. ಕಾರಣ, ಅದರಲ್ಲಿ ಮಂಗಳದ ಮೇಲೆ ಬೀಸುವ ಬಿರುಗಾಳಿ. ಮಂಗಳದ ಗಾಳಿಯ ಒತ್ತಡ ನಮ್ಮ ಭೂಮಿಯದ್ದರ ನೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಅಲ್ಲಿ ಎಷ್ಟೇ ಜೋರಾಗಿ ಗಾಳಿ ಬೀಸಿದರೂ ಮನುಷ್ಯನನ್ನು ಎತ್ತಿ ಎಸೆಯಲು, ನೌಕೆ ಉರುಳಿಸಲು ಅದಕ್ಕೆ ತಾಕತ್ತಿಲ್ಲ. "ಕತೆ ಶುರುವಾಗೋದೇ ಸುಳ್ಳಿಂದ. ಆಮೇಲೆ ಏನು ಓದೋದು?" ಅಂದಳು. ಅದು ಸರಿಯಲ್ಲ ಅಂತ ಲೇಖಕರಿಗೂ ಗೊತ್ತಿತ್ತು, ಕತೆಗೆ ಬೇಕಂತ ಇಟ್ಟುಕೊಂಡೆ ಅಂತ ಅವರೇ ಹೇಳಿದ್ದಾರೆ. ಅದನ್ನು ಕೇಳಿ ಅಕ್ಕನ ಸಿಟ್ಟು ಇನ್ನೂ ಜಾಸ್ತಿ ಆಯಿತು. "ಗೊತ್ತಿದ್ದೂ?!"

ಮೊದಲು ನನಗೆ ನಗು ಬಂತು. ಆಮೇಲೆ ನನ್ನದೇ ನೆನಪಾಯಿತು. ಸಿನಿಮಾಗಳಲ್ಲಿ ಹೀರೊ ಒಂದು ರಾತ್ರಿ ಕಚೇರಿಗೆ ನುಗ್ಗಿ, ಒಂದೇ ಒಂದು ಫೈಲು ತೆಗೆದು, ಎರಡು ಪುಟ ತಿರುಗಿಸಿ, ಕೋಟಿಗಟ್ಟಲೆ ಮೋಸ ಹಿಡಿದುಬಿಡುತ್ತಾನೆ. ಆ ದೃಶ್ಯ ಬಂದರೆ ನನಗೆ ಮೈ ಉರಿಯುತ್ತದೆ. ಮೋಸ ಯಾರಾದರೂ ಒಂದೇ ಫೈಲಿನಲ್ಲಿ ಇಡುತ್ತಾರಾ? ಅದು ಮೂರು ವರ್ಷದ ಹನ್ನೊಂದು ಕಡತಗಳಲ್ಲಿ ಚೂರುಚೂರಾಗಿ ಹರಡಿರುತ್ತದೆ. ಪಕ್ಕದಲ್ಲಿ ಕೂತವರು ಚಪ್ಪಾಳೆ ತಟ್ಟುತ್ತಿರುವಾಗ ನಾನೊಬ್ಬ ಹಲ್ಲು ಕಡಿಯುತ್ತಾ ಕೂತಿರುತ್ತೇನೆ. ಹಾಗಾದರೆ ಗೊತ್ತಿಲ್ಲದಿರುವುದೇ ಸುಖ ಅಂತಲಾ? ಹಾಗೆ ಅನ್ನಲು ಮನಸ್ಸು ಒಪ್ಪುವುದಿಲ್ಲ. ಯಾಕೆಂದರೆ ಅಕ್ಕ ಅದೇ ಸಂಜೆ, ನಾನು ಓದಿದ ಕಾದಂಬರಿಯ ಆ ನಿಧಾನ ಮಾಡುವ ಪುಟದ ಬಗ್ಗೆ ಮಾತಾಡುವಾಗ, ಅವಳ ಮುಖ ನೋಡಬೇಕಿತ್ತು. ನಾನು ಭಾಗಾಕಾರ ಮಾಡಿ ಎದ್ದು ಓಡಾಡಿದೆನಲ್ಲ, ಅವಳಿಗೆ ಪುಟಪುಟಕ್ಕೂ ಹಾಗೆ ಆಗಿದೆ. ಸಿಟ್ಟು ಬರುವ ಜಾಗದಲ್ಲಿ ನನಗೆ ಬರದ ಸಿಟ್ಟು, ಖುಷಿಯ ಜಾಗದಲ್ಲಿ ನನಗೆ ಸಿಗದ ಖುಷಿ. ನಾನು ಅವಳ ಪಾಲಿಗೆ ಸ್ವಲ್ಪ ಹೊಟ್ಟೆಕಿಚ್ಚು ಪಟ್ಟೆ. ಒಪ್ಪಿಕೊಳ್ಳುತ್ತೇನೆ.

ಐದನೆಯ ಪಾಲು

ಈಗ ಆ ಗುಮಾನಿ. ಎರಡನೇ ಸಲ ಓದುವಾಗ ಕಣ್ಣಿಗೆ ಬಿದ್ದದ್ದು. ಕತೆಯಲ್ಲಿ ನೀರನ್ನು ಶುದ್ಧ ಮಾಡಿ ಮತ್ತೆ ಕೊಡುವ ಯಂತ್ರ ಕೆಟ್ಟಿದೆ. (ನಿಜವಾದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬೆವರು, ಮೂತ್ರ ಎಲ್ಲ ಸೇರಿಸಿ ಶೇ. 98ರಷ್ಟು ನೀರನ್ನು ವಾಪಸ್ ಪಡೆಯುವ ಮಟ್ಟ ಮುಟ್ಟಿದ್ದು 2023ರಲ್ಲಿ.) ಹಾಗಾಗಿ ಎಂಜಿನಿಯರ್ ನೀರಿಗೂ ಒಂದು ಪುಸ್ತಕ ಇಟ್ಟಿದ್ದಾಳೆ. ಒಬ್ಬರಿಗೆ ದಿನಕ್ಕೆ ಎರಡೂವರೆ ಲೀಟರ್, ಐವರಿಗೆ ಹನ್ನೆರಡೂವರೆ. ಸೋರಿಕೆಯಾದ 31ನೇ ದಿನ ಐವರಲ್ಲಿ ಒಬ್ಬರು ಸಾಯುತ್ತಾರೆ. 48ನೇ ದಿನದ ಪುಟ ಮತ್ತೆ ಪೂರ್ತಿ ಅಚ್ಚಾಗಿದೆ. ಅದರಲ್ಲಿ ದಿನದ ಖರ್ಚು ಈಗಲೂ ಹನ್ನೆರಡೂವರೆ. ಅಂತ್ಯ ಶಿಲ್ಕು ಹಾಕಿರುವುದೂ ಅದೇ ಲೆಕ್ಕದಲ್ಲಿ. ನಾಲ್ಕು ಜನರಿಗೆ ಹತ್ತು ಲೀಟರ್ ಆಗಬೇಕಲ್ಲವೇ? ಹದಿನೇಳು ದಿನಕ್ಕೆ ನಲವತ್ತೆರಡೂವರೆ ಲೀಟರ್ ಎಲ್ಲಿ ಹೋಯಿತು?

ಅಕ್ಕನಿಗೆ ತೋರಿಸಿದೆ. ಅವಳು ಎರಡು ಸಲ ಕೂಡಿಸಿ ನೋಡಿದಳು. "ಅಯ್ಯೋ, ಇದನ್ನ ನಾನು ನೋಡೇ ಇಲ್ವಲ್ಲೋ!" ಆ ಒಂದು ಮಾತಿಗೆ ಹತ್ತನೇ ತರಗತಿಯ ನನ್ನ ಅಂಕಪಟ್ಟಿಯ ಅವಮಾನವೆಲ್ಲ ತೀರಿತು. "ಬರೆದೋರು ಮರೆತಿರಬೇಕು ಬಿಡು" ಅಂದಳು.

ಇರಬಹುದು. ಮರೆತಿರುವ ಸಾಧ್ಯತೆಯೇ ಜಾಸ್ತಿ. ಆದರೆ ಸತ್ತವನು ಆ ಎಂಜಿನಿಯರ್‌ನ ಜೊತೆ ಜಗಳವಾಡಿದವನು. ಗಾಳಿ ಸುಡುತ್ತಿದ್ದಾರೆ ಅಂತ ನಾನು ಚಡಪಡಿಸಿದೆನಲ್ಲ, ಅದೇ ಜಗಳ. ನೀರಿನ ಲೆಕ್ಕದ ಪುಸ್ತಕ ಬರೆಯುವವಳು ಅವಳೊಬ್ಬಳೇ, ಬೇರೆ ಯಾರೂ ಅದನ್ನು ತೆಗೆದು ನೋಡುವುದಿಲ್ಲ. ಅವನ ಹೆಸರಿನ ಮುಂದಿನ ಸಾಲನ್ನು ಹೊಡೆದುಹಾಕಲು ಅವಳಿಗೆ ಕೈ ಬರಲಿಲ್ಲವೋ ಏನೋ. ದಿನಾ ಬೆಳಿಗ್ಗೆ ಐದನೆಯ ಪಾಲನ್ನೂ ಬರೆದು, ಆ ನೀರನ್ನು ಮುಟ್ಟದೆ ಹಾಗೇ ಬಿಟ್ಟಳೋ ಏನೋ. ಹಾಗೆ ಅಂತ ಕಾದಂಬರಿಯಲ್ಲಿ ಎಲ್ಲೂ ಇಲ್ಲ. ನಾನು ಮತ್ತೆ ಮತ್ತೆ ಹುಡುಕಿದ್ದೇನೆ.

ಕೆಲಸದಲ್ಲಾಗಿದ್ದರೆ ಆಕ್ಷೇಪಣೆ ಬರೆದು, ಉತ್ತರ ಬರುವವರೆಗೆ ಬಿಡುತ್ತಿರಲಿಲ್ಲ. ಇಲ್ಲಿ ಆ ಅಂಕಿಯ ಪಕ್ಕ ಪೆನ್ಸಿಲ್‌ನಿಂದ ಒಂದು ಸಣ್ಣ ಚುಕ್ಕೆ ಇಟ್ಟು ಪುಟ ತಿರುಗಿಸಿದೆ. ಪುಸ್ತಕ ಅಕ್ಕನದು. ಇನ್ನೂ ವಾಪಸ್ ಕೊಟ್ಟಿಲ್ಲ.